ಜಪಾನಿನ ಹಬ್ಬ: ಮೆರವಣಿಗೆಯನ್ನಷ್ಟೇ ನೋಡಿ ಮರಳಬೇಡಿ

ಮಾನ್ಯ ಸಂಪಾದಕರೇ,

ಜಪಾನ್ ಪ್ರವಾಸದ ಬರಹಗಳು ಪತ್ರಿಕೆಗಳ ಪುರವಣಿಗಳಲ್ಲಿ ಈಚೆಗೆ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿವೆ. ಅವುಗಳಲ್ಲಿ ಅಲ್ಲಿನ ಹಬ್ಬಗಳ ಪ್ರಸ್ತಾಪವೂ ಇರುತ್ತದೆ. ಆದರೆ ಬಹುತೇಕ ಲೇಖಕರು ಹಬ್ಬವೆಂದರೆ ಮೆರವಣಿಗೆ, ಮೆರವಣಿಗೆಯೆಂದರೆ ಒಂದು ಬೆಳಗಿನ ಕಾರ್ಯಕ್ರಮ ಎಂದು ಭಾವಿಸಿ, ಆ ಬೆಳಗು ಮುಗಿದೊಡನೆ ಓದುಗರನ್ನು ಬುಲೆಟ್ ರೈಲು ಹತ್ತಿಸಿಬಿಡುತ್ತಾರೆ. ಜುಲೈ ತಿಂಗಳಲ್ಲಿ ಕ್ಯೋಟೊ ನಗರದಲ್ಲಿ ಉಳಿದು ಗಿಯೊನ್ ಹಬ್ಬವನ್ನು ಕಂಡವನಾಗಿ, ಮತ್ತೊಂದು ಬೇಸಿಗೆಯಲ್ಲಿ ಗಿಫು ಪ್ರಾಂತ್ಯದ ಗುಜೊ ಹಚಿಮನ್ ಎಂಬ ಬೆಟ್ಟದೂರಿನಲ್ಲಿ ಊರಿನವರೊಡನೆ ಕುಣಿದವನಾಗಿ, ಈ ಕ್ರಮದಿಂದ ಪ್ರವಾಸಿಯ ಕೈತಪ್ಪುವುದೇನೆಂಬುದನ್ನು ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಗಿಯೊನ್ ಹಬ್ಬ ಯಸಾಕಾ ದೇಗುಲಕ್ಕೆ ಸೇರಿದ್ದು. ಕ್ರಿ.ಶ. 869ರಲ್ಲಿ ಸಾಂಕ್ರಾಮಿಕ ಪಿಡುಗು ಹಬ್ಬಿದಾಗ, ದೇಶದ ಅಂದಿನ ಪ್ರಾಂತ್ಯಗಳ ಲೆಕ್ಕಕ್ಕೆ 66 ಈಟಿಗಳನ್ನು ನೆಟ್ಟು, ಮುನಿದ ಚೇತನಗಳನ್ನು ಶಾಂತಗೊಳಿಸಲು ನಡೆಸಿದ ವಿಧಿಯೇ ಅದರ ಮೂಲ. ಇಂದು ಜುಲೈ 17 ಮತ್ತು 24ರಂದು ಹೊರಡುವ ಎತ್ತರದ ರಥಗಳನ್ನು ನೋಡಲು ಲಕ್ಷಾಂತರ ಜನ ಸೇರುತ್ತಾರೆ. ಆದರೆ ಹಬ್ಬ ನಡೆಯುವುದು ಇಡೀ ತಿಂಗಳು. ಪ್ರತಿ ರಥದ ಹಿಂದೆಯೂ ಒಂದು ಕೇರಿ ಇದೆ. ಆ ಕೇರಿಯ ಮನೆತನಗಳೇ ರಥದ ಭಾಗಗಳನ್ನು ಉಗ್ರಾಣದಲ್ಲಿ ಕಾಪಾಡಿ, ಜುಲೈ 10ರಿಂದ ಒಂದೊಂದಾಗಿ ಹೊರತೆಗೆದು, ರಸ್ತೆಯಲ್ಲೇ ಕಟ್ಟಿಸಲು ಆರಂಭಿಸುತ್ತವೆ. ದೊಡ್ಡ ರಥಗಳ ತೂಕ ಸುಮಾರು 12 ಟನ್. ಅಷ್ಟು ಭಾರದ ಚೌಕಟ್ಟನ್ನು ಒಂದೇ ಒಂದು ಮೊಳೆ ಬಳಸದೆ, ಹಗ್ಗದ ಬಿಗಿತವೊಂದರಿಂದಲೇ ನಿಲ್ಲಿಸುತ್ತಾರೆ. ರಥ ಓಲಾಡುವಾಗ ಹಗ್ಗ ಆ ಒದೆತವನ್ನು ತಾಳಿಕೊಳ್ಳುತ್ತದೆ. ಹಗ್ಗದ ಸುತ್ತುಗಳು ಒಂದರ ಪಕ್ಕ ಒಂದು ಕೂತು ಚಿತ್ತಾರವಾಗುವುದನ್ನು ಬಡಗಿಗಳ ಬೆನ್ನಹಿಂದೆ ನಿಂತು ಗಂಟೆಗಟ್ಟಲೆ ನೋಡಬಹುದು. ಅಲ್ಲಿ ಟಿಕೆಟ್ಟೂ ಇಲ್ಲ, ನೂಕುನುಗ್ಗಲೂ ಇಲ್ಲ.

ಪುರವಣಿಗಳಲ್ಲಿ ನಾನು ಈವರೆಗೆ ಓದದ ಇನ್ನೊಂದು ಸಂಗತಿಯಿದೆ. ರಥ ಕಟ್ಟಿ ಮುಗಿದ ಮೇಲೆ, ಜುಲೈ 12 ಮತ್ತು 13ರ ಮಧ್ಯಾಹ್ನ, ಚಕ್ರಗಳನ್ನು ಪರೀಕ್ಷಿಸಲು ಕೆಲವು ರಥಗಳನ್ನು ಸ್ವಲ್ಪ ದೂರ ಎಳೆಯುತ್ತಾರೆ. ಆ ಹಗ್ಗಕ್ಕೆ ಯಾರು ಬೇಕಾದರೂ ಕೈಹಚ್ಚಬಹುದು. ಕೇರಿಯ ಮಕ್ಕಳು, ಅಂಗಡಿಯವರು, ದಾರಿಹೋಕರು, ವಿದೇಶಿಯರು ಎಂಬ ಭೇದವಿಲ್ಲ. ಮೆರವಣಿಗೆಯ ದಿನ ಬೇಲಿಯಾಚೆ ನಿಂತು ಹತ್ತಾರು ತಲೆಗಳ ಮೇಲಿಂದ ಫೋಟೊ ತೆಗೆಯುವ ಅದೇ ಪ್ರವಾಸಿ, ಐದು ದಿನ ಮೊದಲೇ ಬಂದಿದ್ದರೆ ಆ ರಥವನ್ನು ತನ್ನ ಕೈಯಾರೆ ಎಳೆಯಬಹುದಿತ್ತು.

ಜುಲೈ 14ರಿಂದ 16ರವರೆಗಿನ ಸಂಜೆಗಳಲ್ಲಿ ರಥಗಳಿಗೆ ಲಾಂದ್ರಗಳನ್ನು ಕಟ್ಟುತ್ತಾರೆ, ಕೊಳಲು ಮತ್ತು ಜಾಗಟೆಯ ನಾದ ಬೀದಿಗಳನ್ನು ತುಂಬುತ್ತದೆ. ಹಳೆಯ ವ್ಯಾಪಾರಿ ಮನೆಗಳು ಬೀದಿಯ ಕಡೆಯ ಜಾಲಂದರಗಳನ್ನು ತೆಗೆದು, ತಮ್ಮ ಮಡಿಸುವ ಚಿತ್ರಪರದೆಗಳನ್ನು ದಾರಿಹೋಕರ ಕಣ್ಣಿಗೆ ಬೀಳುವಂತೆ ಇಡುತ್ತವೆ. ರಥಗಳ ಜವಳಿಯನ್ನು ಹತ್ತಿರದಿಂದ ನೋಡಲು ಇದೇ ಸಮಯ. 16ನೇ ಶತಮಾನದಲ್ಲಿ ಇಂದಿನ ಬೆಲ್ಜಿಯಂ ಪ್ರದೇಶದಲ್ಲಿ ನೇಯ್ದ, ಬೈಬಲ್ಲಿನ ರೆಬೆಕ್ಕಳ ಕಥೆಯಿರುವ ಚಿತ್ರವಸ್ತ್ರವೊಂದು ಕಾಂಕೊಬೊಕೊ ಎಂಬ ರಥದ್ದಾಗಿದ್ದರೆ, ಬೇರೆ ರಥಗಳ ಸಂಗ್ರಹದಲ್ಲಿ ಭಾರತದ ದಖ್ಖನ್ ಪ್ರದೇಶದಲ್ಲಿ ನೇಯ್ದವೆಂದು ಜವಳಿ ತಜ್ಞರು ಗುರುತಿಸಿರುವ ರತ್ನಗಂಬಳಿಗಳೂ ಇವೆ. ಕಡಲು ದಾಟಿ ಬಂದ ಬಟ್ಟೆಯನ್ನು ತಮ್ಮ ದೇವರ ಹಬ್ಬಕ್ಕೆ ಹೊದಿಸಿ, ಬೆಂಕಿ ಅನಾಹುತಗಳ ನಡುವೆಯೂ ಶತಮಾನಗಳ ಕಾಲ ಕಾಪಾಡಿದ ಆ ವರ್ತಕ ಕೇರಿಗಳ ಬಗ್ಗೆ ನನಗೆ ಅಪಾರ ಗೌರವ. ಅಲ್ಲಿ ಮಾರುವ ಚಿಮಾಕಿ ಎಂಬ ಬಿದಿರೆಲೆಯ ಕಟ್ಟು ತಿನ್ನುವ ಪದಾರ್ಥವಲ್ಲ, ರೋಗರುಜಿನ ಬಾರದಿರಲೆಂದು ವರ್ಷವಿಡೀ ಬಾಗಿಲ ಮೇಲೆ ತೂಗುಹಾಕುವ ರಕ್ಷೆ ಎಂಬುದನ್ನು ಹೊಸಬರು ತಿಳಿದಿರಬೇಕು.

ಹದಿನೇಳರ ಬೆಳಿಗ್ಗೆ ರಥಗಳು ನಾಲ್ಕುರಸ್ತೆಗಳಲ್ಲಿ ತಿರುಗುವ ಬಗೆಯನ್ನು ಎಲ್ಲರೂ ವರ್ಣಿಸಿದ್ದಾರೆ. ಚಕ್ರದ ಕೆಳಗೆ ಬಿದಿರ ಸೀಳುಗಳನ್ನು ಹಾಸಿ, ನೀರು ಸುರಿದು, ಪಕ್ಕಕ್ಕೆ ಎಳೆದು ಜಾರಿಸುವ ಆ ಕೆಲಸ ನಿಜಕ್ಕೂ ರೋಮಾಂಚಕ. ಅದನ್ನು ನೋಡಿದ ಜನ ಮಧ್ಯಾಹ್ನವೇ ಚದುರುತ್ತಾರೆ. ಹಬ್ಬದ ತಿರುಳು ಶುರುವಾಗುವುದು ಆಮೇಲೆ. ರಥಗಳು ಬೀದಿಗಳನ್ನು ಶುದ್ಧಗೊಳಿಸಲು ಮುಂಚಿತವಾಗಿ ಹೋದಂಥವು. ದೇವತೆಗಳು ಹೊರಡುವುದು ಅದೇ ಸಂಜೆ. ಯಸಾಕಾ ದೇಗುಲದ ಕಲ್ಲುಮೆಟ್ಟಿಲುಗಳ ಕೆಳಗೆ ಮೂರು ಮಿಕೋಶಿಗಳು, ಅಂದರೆ ದೇವರ ಪಲ್ಲಕ್ಕಿಗಳು, ಒಟ್ಟುಗೂಡುತ್ತವೆ. ಹೊತ್ತವರು ‘ಹೊಯಿತ್ತೊ, ಹೊಯಿತ್ತೊ’ ಎಂದು ಕೂಗುತ್ತ ಅವುಗಳನ್ನು ತಲೆಯ ಮೇಲಕ್ಕೆತ್ತಿ ಕುಣಿಸುತ್ತಾರೆ. ಅಲ್ಲಿಂದ ನಗರದೊಳಗಿನ ತಾತ್ಕಾಲಿಕ ನೆಲೆಗೆ ಹೋಗುವ ದೇವತೆಗಳು ಮರಳುವುದು 24ರ ರಾತ್ರಿ. ಈ ಸಂಜೆಯೇ ಹಬ್ಬದ ಪ್ರಾಣವೆನ್ನಲು 2020ಕ್ಕಿಂತ ಬೇರೆ ಸಾಕ್ಷಿ ಬೇಡ. ಕೋವಿಡ್‌ನಿಂದಾಗಿ ಆ ವರ್ಷ ರಥಗಳೂ ಹೊರಡಲಿಲ್ಲ, ಪಲ್ಲಕ್ಕಿಗಳೂ ಹೊರಡಲಿಲ್ಲ. ಹಾಗಿದ್ದರೂ ಪಿಡುಗಿನ ವಿರುದ್ಧವೇ ಹುಟ್ಟಿದ ಹಬ್ಬದಲ್ಲಿ ದೇವತೆಗಳು ಹೊರಡದಿರುವಂತಿಲ್ಲವೆಂದು, ಪವಿತ್ರ ಸಕಾಕಿ ಮರದ ಕೊಂಬೆಯಲ್ಲಿ ಸಾನ್ನಿಧ್ಯವನ್ನಿರಿಸಿ ಕುದುರೆಯ ಮೇಲೆ ಕೊಂಡೊಯ್ದರು.

ಹಬ್ಬವನ್ನು ಪ್ರದರ್ಶನವಾಗಿ ಮಾರುವ ಒತ್ತಡ ಜಪಾನಿನಲ್ಲೂ ಇದೆ. 2023ರಲ್ಲಿ ಗಿಯೊನ್ ಮೆರವಣಿಗೆಗೆ ನಾಲ್ಕು ಲಕ್ಷ ಯೆನ್‌ನ ವಿಶೇಷ ಆಸನಗಳನ್ನು ಮಾರಲಾಯಿತು. ಅಂಥ ಆಸನಗಳಲ್ಲಿ ಮದ್ಯ ನೀಡುವುದಕ್ಕೆ ಯಸಾಕಾ ದೇಗುಲದ ಮುಖ್ಯ ಅರ್ಚಕರೇ ಬಹಿರಂಗವಾಗಿ ಆಕ್ಷೇಪವೆತ್ತಿದರು. ಅವರ ಆಕ್ಷೇಪ ಸರಿಯೆಂದೇ ನನ್ನ ಅಭಿಪ್ರಾಯ. ಹಾಗೆಂದು ಅಲ್ಲಿನ ಪದ್ಧತಿಗಳೆಲ್ಲ ನನಗೆ ಒಪ್ಪಿತವೆಂದಲ್ಲ. ಮೆರವಣಿಗೆಯ ಮುಂಚೂಣಿಯಲ್ಲಿರುವ ನಗಿನಾತಾಬೊಕೊ ರಥವನ್ನು ಹೆಂಗಸರು ಹತ್ತುವಂತಿಲ್ಲ ಎಂಬುದು ನನಗೆ ನೋವು ತರುವ ಸಂಗತಿ. ಬೇರೆ ಕೆಲವು ರಥಗಳು ಈ ಕಟ್ಟನ್ನು ಸಡಿಲಿಸಿವೆ. ಗಿಯೊನ್ ಬಡಾವಣೆಯ ಖಾಸಗಿ ಓಣಿಗಳಲ್ಲಿ ಅನುಮತಿಯಿಲ್ಲದೆ ಫೋಟೊ ತೆಗೆದರೆ 10,000 ಯೆನ್ ದಂಡವೆಂದು 2019ರಲ್ಲಿ ಫಲಕಗಳನ್ನು ಹಾಕಲಾಯಿತು. ಕೆಲಸಕ್ಕೆ ಹೊರಟ ಮೈಕೊ ಹುಡುಗಿಯರನ್ನು, ಅಂದರೆ ಗೇಶಾ ಕಲೆ ಕಲಿಯುತ್ತಿರುವವರನ್ನು, ಪ್ರವಾಸಿಗರು ಅಟ್ಟಿಸಿಕೊಂಡು ಹೋಗುತ್ತಿದ್ದುದು ಇದಕ್ಕೆ ಕಾರಣ. ಇದು ತಿಳಿದ ಮೇಲೂ ಅಲ್ಲಿ ಕ್ಯಾಮೆರಾ ಎತ್ತುವವರಿಗೆ ಯಾವ ಸಮರ್ಥನೆಯೂ ಇಲ್ಲ.

ನೋಡುವುದಕ್ಕಿಂತ ಪಾಲ್ಗೊಳ್ಳುವ ಆಸೆಯುಳ್ಳವರಿಗೆ ಆಗಸ್ಟ್ ತಿಂಗಳು ಹೆಚ್ಚು ಉದಾರ. ಆವೊಮೊರಿಯ ನೆಬುತಾ ಹಬ್ಬದಲ್ಲಿ (ಆಗಸ್ಟ್ 2ರಿಂದ 7) ಬೃಹತ್ ಕಾಗದದ ದೀಪಮೂರ್ತಿಗಳ ಮುಂದೆ ಹಾರಿ ಹಾರಿ ಕುಣಿಯುವ ಹನೆತೊ ತಂಡಕ್ಕೆ ಯಾರೂ ಸೇರಬಹುದು. ನಿಗದಿತ ಉಡುಪು ಮಾತ್ರ ಕಡ್ಡಾಯ, ಅದು ಬಾಡಿಗೆಗೆ ಸಿಗುತ್ತದೆ. ತೊಕುಶಿಮಾದ ಅವಾ ಒಡೋರಿ ನೃತ್ಯೋತ್ಸವದಲ್ಲಿ (ಆಗಸ್ಟ್ 12ರಿಂದ 15) ನುರಿತ ತಂಡಗಳ ನಡುವೆ ಹೊಸಬರಿಗೆಂದೇ ತೆರೆದ ತಂಡವೊಂದಿದೆ.

ಇವೆರಡಕ್ಕಿಂತ ಗುಜೊ ನನಗೆ ಹತ್ತಿರ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮೊದಲವರೆಗೆ ಮೂವತ್ತಕ್ಕೂ ಹೆಚ್ಚು ರಾತ್ರಿ ಅಲ್ಲಿ ನೃತ್ಯ ನಡೆಯುತ್ತದೆ. ಪೂರ್ವಿಕರು ಮನೆಗೆ ಮರಳುತ್ತಾರೆಂಬ ಓಬೋನ್ ದಿನಗಳಲ್ಲಿ, ಆಗಸ್ಟ್ 13ರಿಂದ 16ರವರೆಗೆ, ಬೆಳಗಿನ ಜಾವದ ತನಕ ನಿಲ್ಲುವುದಿಲ್ಲ. ವೇದಿಕೆಯಿಲ್ಲ, ಪ್ರೇಕ್ಷಕರ ಸಾಲೂ ಇಲ್ಲ. ಬೀದಿಯ ನಡುವೆ ನಿಲ್ಲಿಸಿದ ಮಂಟಪದಲ್ಲಿ ಹಾಡುಗಾರರಿದ್ದರೆ, ಸುತ್ತಲಿನ ವೃತ್ತಕ್ಕೆ ಬಂದವರೆಲ್ಲ ಸೇರುತ್ತಾರೆ. ಹತ್ತು ಬಗೆಯ ಕುಣಿತಗಳಿವೆ. ಹೆಜ್ಜೆ ತಪ್ಪುವ ಹೊರಗಿನವನ ಮುಂದೆ ಊರಿನ ಅಜ್ಜಿಯೊಬ್ಬಳು ಬಂದು ನಿಲ್ಲುತ್ತಾಳೆ. ಒಂದು ಮಾತೂ ಆಡದೆ, ಕೈಯ ತಿರುವನ್ನು ಸ್ವಲ್ಪ ನಿಧಾನವಾಗಿ ಮಾಡಿ ತೋರಿಸುತ್ತಾಳೆ. ನೂರಾರು ಜೊತೆ ಮರದ ಪಾದುಕೆಗಳು ಒಮ್ಮೆಲೇ ನೆಲಕ್ಕೆ ಬಡಿಯುವ ಸದ್ದಿನೊಳಗೆ ನಮ್ಮದೂ ಒಂದು ಸೇರಿಕೊಂಡಾಗ ಆಗುವ ಸಂತೋಷವನ್ನು ಯಾವ ಆಸನವೂ ಕೊಡಲಾರದು. ಯುಕಾತಾ ಎಂಬ ಬೇಸಿಗೆಯ ಹತ್ತಿ ನಿಲುವಂಗಿ ತೊಡುವವರು ಎಡಮಡಿಕೆ ಮೇಲೆ ಬರುವಂತೆ ತೊಡಬೇಕು. ಬಲಮಡಿಕೆ ಮೇಲೆ ಬರುವುದು ಶವಕ್ಕೆ ಉಡಿಸುವ ಕ್ರಮ.

2024ರಲ್ಲಿ ಜಪಾನಿಗೆ 3.68 ಕೋಟಿಗೂ ಹೆಚ್ಚು ವಿದೇಶಿಯರು ಬಂದರು. ಅದೇ ವರ್ಷದ ಫೆಬ್ರವರಿಯಲ್ಲಿ ಇವಾತೆ ಪ್ರಾಂತ್ಯದ ಕೊಕುಸೆಕಿಜಿ ದೇವಾಲಯದ, ಸಾವಿರ ವರ್ಷಗಳ ಇತಿಹಾಸವಿದೆಯೆನ್ನಲಾದ ಸೊಮಿನ್‌ಸಾಯಿ ಹಬ್ಬ ಕೊನೆಯ ಬಾರಿಗೆ ನಡೆಯಿತು. ನಡೆಸುವವರಿಗೆ ವಯಸ್ಸಾಗಿತ್ತು, ಕೈಜೋಡಿಸುವ ಕಿರಿಯರಿರಲಿಲ್ಲ. ಪ್ರವಾಸಿಗರು ಅಂಥ ಹಬ್ಬಗಳನ್ನು ಉಳಿಸಿಬಿಡುತ್ತಾರೆಂಬ ಭ್ರಮೆ ನನಗಿಲ್ಲ, ಏಕೆಂದರೆ ಹಬ್ಬಕ್ಕೆ ಬೇಕಾದವರು ವರ್ಷವಿಡೀ ಅಲ್ಲಿ ಬಾಳುವವರು. ಆದರೂ ಕ್ಯೋಟೊದಲ್ಲಿ ಕಾಲಿಡಲು ಜಾಗವಿಲ್ಲದ ವಾರದಲ್ಲಿ ಸಣ್ಣ ಊರೊಂದರ ವಸತಿಗೃಹದಲ್ಲಿ ಮೂರು ರಾತ್ರಿ ಕಳೆದು, ಅಲ್ಲಿನ ಅಂಗಡಿಯಲ್ಲಿ ಪಾದುಕೆ ಕೊಳ್ಳುವ ಪ್ರವಾಸಿ ಆ ಊರಿಗೆ ಹೊರೆಯಾಗುವುದಿಲ್ಲ.

ಆದ್ದರಿಂದ ಪುರವಣಿಯಲ್ಲಿ ಜಪಾನಿನ ಬಗ್ಗೆ ಬರೆಸುವಾಗ, ಊರುಗಳ ಪಟ್ಟಿಗೆ ಬದಲಾಗಿ ಒಂದೊಂದು ಹಬ್ಬವನ್ನು ಎತ್ತಿಕೊಂಡು, ಅದರ ಹಿಂದುಮುಂದಿನ ದಿನಗಳೊಡನೆ ವಿವರಿಸುವಂತೆ ಲೇಖಕರನ್ನು ಕೇಳಬೇಕೆಂದು ವಿನಂತಿಸುತ್ತೇನೆ. ಬೇಸಿಗೆಯಲ್ಲಿ ಹೋಗಲಾಗದವರಿಗೆ ಏಪ್ರಿಲ್ 14–15 ಮತ್ತು ಅಕ್ಟೋಬರ್ 9–10ರಂದು ನಡೆಯುವ ತಕಾಯಾಮಾದ ರಥೋತ್ಸವಗಳಿವೆ. ಡಿಸೆಂಬರ್ 2–3ರಂದು ಚಿಚಿಬುವಿನ ರಾತ್ರಿ ಹಬ್ಬವಿದೆ. ಮಳೆ ಬಂದರೆ ತಕಾಯಾಮಾದ ರಥಗಳು ಉಗ್ರಾಣದಿಂದ ಹೊರಬರುವುದಿಲ್ಲವಾದ್ದರಿಂದ, ಅಲ್ಲಿಗೆ ಹೋಗುವವರು ಹಬ್ಬದ ಎರಡೂ ದಿನ ಉಳಿಯುವಂತೆ ಕೋಣೆ ಕಾದಿರಿಸುವುದು ಒಳ್ಳೆಯದು.

ಇಂತಿ,
ನಿಮ್ಮ ಓದುಗ