16 ಕೋರ್‌ಗಳ ಕಂಪ್ಯೂಟರಿನಲ್ಲಿ ನಾಲ್ಕೇ ಥ್ರೆಡ್: ನಿಮ್ಮ ನೇರಪ್ರಸಾರ ತಂತ್ರಾಂಶದ ಕುರಿತು ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ನೇರಪ್ರಸಾರ ತಂತ್ರಾಂಶ ಸಂಸ್ಥೆ,
ಬೆಂಗಳೂರು

ವಿಷಯ: ಎನ್‌ಕೋಡರಿನ (ವಿಡಿಯೋವನ್ನು ಕುಗ್ಗಿಸಿ ಕಳಿಸಲು ಸಿದ್ಧಮಾಡುವ ಭಾಗ) ಥ್ರೆಡ್‌ಗಳಿಗೆ (ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳು) ಹಾಕಿರುವ ಮಿತಿಯನ್ನು ತೆಗೆಯುವುದು, ತಪ್ಪಿದಲ್ಲಿ ಚಂದಾ ಹಣ ಹಿಂತಿರುಗಿಸುವುದು

ಮಾನ್ಯರೇ,

ನಾನು ನಿಮ್ಮ ತಂತ್ರಾಂಶದ ವಾರ್ಷಿಕ ಚಂದಾದಾರಳು. ವೇಗದ ದೃಶ್ಯಗಳಲ್ಲಿ ನಮ್ಮ ಪ್ರಸಾರದ ಚಿತ್ರ ತಡವರಿಸುವ ತೊಂದರೆಯನ್ನು ನಿಮ್ಮ ಸಹಾಯವಾಣಿಗೆ ಈಗಾಗಲೇ ತಿಳಿಸಿದ್ದೇನೆ. ಅಲ್ಲಿಂದ ಬಂದದ್ದು ಮೂರು ಸಲಹೆ: ಇಂಟರ್‌ನೆಟ್ ಕೊಟ್ಟವರನ್ನು ವಿಚಾರಿಸಿ, ಚಿತ್ರದ ಗುಣಮಟ್ಟ ಇಳಿಸಿ, ಇಲ್ಲವೇ ಮೇಲ್ದರ್ಜೆಯ ಚಂದಾ ಪಡೆಯಿರಿ. ಮೂರಕ್ಕೂ ಈ ದೋಷಕ್ಕೂ ಸಂಬಂಧವಿಲ್ಲ. ಆದ್ದರಿಂದ ಈ ಪತ್ರವನ್ನು ಸಿದ್ಧ ಉತ್ತರ ಕಳಿಸುವವರ ಕೈಗೆ ಕೊಡದೆ, ಎನ್‌ಕೋಡರ್ ಭಾಗವನ್ನು ಬರೆದ ಎಂಜಿನಿಯರ್ ಯಾರೋ ಅವರಿಗೇ ತಲುಪಿಸಬೇಕೆಂದು ಕೋರುತ್ತೇನೆ.

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಿಂದ ನಾನು ಮತ್ತು ನನ್ನ ತಮ್ಮ ಸಂಜೆಯ ಹೊತ್ತು ಕಂಪ್ಯೂಟರ್ ಆಟಗಳನ್ನು ಕನ್ನಡದ ವೀಕ್ಷಕ ವಿವರಣೆಯೊಂದಿಗೆ ನೇರಪ್ರಸಾರ ಮಾಡುತ್ತೇವೆ. ಆಟವೂ ಮಾತೂ ಅವನದು, ಯಂತ್ರದ ಉಸಾಬರಿ ನನ್ನದು. ಎರಡು ಕಂಪ್ಯೂಟರ್ ಇಡಲು ನಮ್ಮಲ್ಲಿ ಜಾಗವೂ ಇಲ್ಲ, ಹಣವೂ ಇಲ್ಲ. ಆಟ ಮತ್ತು ಪ್ರಸಾರ ಎರಡನ್ನೂ ಒಂದೇ ಯಂತ್ರ ತೂಗಿಸಲಿ ಎಂದೇ 16 ಕೋರ್ (ಲೆಕ್ಕ ಮಾಡುವ ಘಟಕ) ಇರುವ, ಏಕಕಾಲಕ್ಕೆ 32 ಥ್ರೆಡ್ ನಡೆಸಬಲ್ಲ ರೈಜನ್ 9 5950ಎಕ್ಸ್ ಪ್ರೊಸೆಸರ್ ಹಾಕಿಸಿದೆವು. ಪ್ರೊಸೆಸರಿನ ಎಲ್ಲ ಕೋರ್‌ಗಳನ್ನೂ ಬಳಸಿಕೊಳ್ಳುತ್ತದೆ ಎಂಬ ನಿಮ್ಮ ಜಾಹೀರಾತನ್ನು ನಂಬಿ ಚಂದಾ ಕಟ್ಟಿದೆವು.

ಆಗುತ್ತಿರುವುದೇನೆಂದರೆ, ಪರದೆಯಲ್ಲಿ ಹೆಚ್ಚು ಚಲನೆಯಿಲ್ಲದಾಗ ಪ್ರಸಾರ ಚೆನ್ನಾಗಿಯೇ ಇರುತ್ತದೆ. ಕಾರು ರೇಸಿನಲ್ಲಿ ಕಾಡಿನ ದಾರಿ ಬಂದು ಎರಡೂ ಬದಿಯ ಗಿಡಮರಗಳು ಹಿಂದಕ್ಕೆ ಓಡತೊಡಗಿದರೆ, ಅಥವಾ ಆಟದೊಳಗೆ ಮಳೆ ಸುರಿದರೆ, ಚಿತ್ರ ತಡವರಿಸುತ್ತದೆ. ತಮ್ಮನ ಪರದೆಯಲ್ಲಿ ಆಟ ನುಣುಪಾಗಿ ಓಡುತ್ತಿರುತ್ತದೆ. ನೋಡುವವರಿಗೆ ಮಾತ್ರ ಕಾರು ಹಾರಿ ಹಾರಿ ಮುಂದೆ ಹೋದಂತೆ ಕಾಣುತ್ತದೆ. ದಸರಾ ರಜೆಯಲ್ಲಿ ಬಡಾವಣೆಯ ಹುಡುಗರು ಸೇರಿ ಆಡಿದ ಪಂದ್ಯದ ಕೊನೆಯ ಸುತ್ತು ಹೀಗೆಯೇ ಹಾಳಾಯಿತು. ಗೆದ್ದವನ ಮನೆಯವರಿಗೇ ಗೆಲುವನ್ನು ನೋಡಲಾಗಲಿಲ್ಲ.

ಮೊದಲು ಇಂಟರ್‌ನೆಟ್ಟಿನ ಮಾತು. 1080ಪಿ (1080 ಪಿಕ್ಸೆಲ್ ಎತ್ತರದ ಚಿತ್ರ), ಸೆಕೆಂಡಿಗೆ 60 ಫ್ರೇಮ್‌ಗಳ (ಬಿಡಿ ಚಿತ್ರಗಳ) ಪ್ರಸಾರಕ್ಕೆ ನೇರಪ್ರಸಾರದ ತಾಣ ಟ್ವಿಚ್ ಸೂಚಿಸುವುದು ಸೆಕೆಂಡಿಗೆ 6000 ಕಿಲೋಬಿಟ್. ನಮ್ಮ ಫೈಬರ್ ಸಂಪರ್ಕದ ಅಪ್‌ಲೋಡ್ ವೇಗ ಅದರ ಎಷ್ಟೋ ಪಟ್ಟು ಇದೆ. ಅದೂ ಬೇಡ. ನಾನು ನೆಟ್‌ವರ್ಕ್ ಕೇಬಲನ್ನೇ ಕಿತ್ತು, ಪ್ರಸಾರ ಮಾಡದೆ, ಅದೇ ಆಟವನ್ನು ಅದೇ ಸೆಟ್ಟಿಂಗ್‌ನಲ್ಲಿ ನಿಮ್ಮ ತಂತ್ರಾಂಶದಿಂದ ಡಿಸ್ಕಿಗೆ ಧ್ವನಿಮುದ್ರಣ ಸಹಿತ ದಾಖಲಿಸಿದೆ. ಆ ಕಡತದಲ್ಲಿಯೂ ಅದೇ ಕಾಡಿನ ದಾರಿಯಲ್ಲಿ ಫ್ರೇಮ್‌ಗಳು ಮಾಯವಾಗಿವೆ. ಕೇಬಲ್ಲೇ ಇಲ್ಲದ ಕಡೆ ಇಂಟರ್‌ನೆಟ್ ಕಂಪನಿ ಏನು ತಪ್ಪು ಮಾಡೀತು?

ಇಷ್ಟು ಗೊಂದಲಕ್ಕೆ ಕಾರಣ ನಿಮ್ಮ ತಂತ್ರಾಂಶ ತೋರಿಸುವ ಒಂದೇ ಒಂದು ಸಂಖ್ಯೆ. ‘ಕಳೆದುಹೋದ ಫ್ರೇಮ್‌ಗಳು’ ಎಂದು ಅದರ ಹೆಸರು. ಫ್ರೇಮ್ ಕಳೆದುಹೋಗುವುದು ಮೂರು ಬೇರೆ ಬೇರೆ ಜಾಗಗಳಲ್ಲಿ. ಗ್ರಾಫಿಕ್ಸ್ ಕಾರ್ಡ್ ಆಟದಲ್ಲಿಯೇ ಮುಳುಗಿ, ಪ್ರಸಾರದ ದೃಶ್ಯವನ್ನು ಹೊತ್ತಿಗೆ ಸರಿಯಾಗಿ ಜೋಡಿಸದಿದ್ದರೆ ಒಂದು ಬಗೆ. ಎನ್‌ಕೋಡರ್ ಹಿಂದೆ ಬಿದ್ದು, ಬಂದ ಫ್ರೇಮನ್ನು ಕೈಬಿಟ್ಟರೆ ಇನ್ನೊಂದು. ಎನ್‌ಕೋಡ್ ಆದದ್ದನ್ನು ಸಾಗಿಸಲು ನೆಟ್‌ವರ್ಕಿಗೆ ಆಗದಿದ್ದರೆ ಮತ್ತೊಂದು. ಉಚಿತವಾಗಿ ಸಿಗುವ ಇನ್ನೊಂದು ಪ್ರಸಾರ ತಂತ್ರಾಂಶ ಓಬಿಎಸ್ ಸ್ಟುಡಿಯೋ ಈ ಮೂರನ್ನೂ ಮೂರು ಸಾಲಿನಲ್ಲಿ ಬೇರೆಯಾಗಿ ತೋರಿಸುತ್ತದೆ. ನೀವು ಮೂರನ್ನೂ ಕೂಡಿಸಿ ಒಂದು ಅಂಕಿ ಕೊಡುತ್ತೀರಿ, ನಿಮ್ಮ ಸಹಾಯವಾಣಿಯವರು ಆ ಅಂಕಿಯನ್ನು ನೋಡಿ ಇಂಟರ್‌ನೆಟ್ಟಿನ ಕಡೆಗೆ ಕೈ ತೋರಿಸುತ್ತಾರೆ.

ಈಗ ನಿಜವಾದ ದೋಷಕ್ಕೆ ಬರುತ್ತೇನೆ. ಸೆಕೆಂಡಿಗೆ 60 ಫ್ರೇಮ್ ಎಂದರೆ ಸರಾಸರಿ 16.7 ಮಿಲಿಸೆಕೆಂಡಿಗೊಂದು ಫ್ರೇಮ್ ಎನ್‌ಕೋಡರಿನಿಂದ ಹೊರಬೀಳಬೇಕು. ಚಿತ್ರ ತಡವರಿಸುವ ಹೊತ್ತಿನಲ್ಲಿಯೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ, ಆಟವನ್ನೂ ಸೇರಿಸಿ ಪ್ರೊಸೆಸರಿನ ಬಳಕೆ ಮೂರನೇ ಒಂದು ಭಾಗವನ್ನೂ ದಾಟಿರುವುದಿಲ್ಲ. ಎನ್‌ಕೋಡರಿಗೆ ಶಕ್ತಿ ಸಾಲದು ಎಂಬ ನಿಮ್ಮ ಕೆಂಪು ಎಚ್ಚರಿಕೆ ಅದೇ ಹೊತ್ತಿಗೆ ಮಿನುಗುತ್ತಿರುತ್ತದೆ. ಏಕೆಂದು, ನಡೆದದ್ದನ್ನೆಲ್ಲ ಬರೆದಿಡುವ ನಿಮ್ಮ ಲಾಗ್ ಕಡತವೇ ಹೇಳಿತು: ನೀವು ಬಳಸುವ ಎನ್‌ಕೋಡರ್ ಎಕ್ಸ್264, ನೀವು ಅದಕ್ಕೆ ಕೊಟ್ಟಿರುವ ಥ್ರೆಡ್‌ಗಳು 4. ಅದನ್ನು ಬದಲಿಸಲು ಸೆಟ್ಟಿಂಗ್‌ಗಳಲ್ಲೆಲ್ಲೂ ಅವಕಾಶವಿಲ್ಲ. ಮದುವೆಯ ಪಂಕ್ತಿಗೆ ಹದಿನಾರು ಜನ ಬಡಿಸುವವರನ್ನು ಕರೆಸಿ, ನಾಲ್ಕೇ ಸೌಟು ಕೊಟ್ಟು, ಊಟ ತಡವಾಯಿತೆಂದು ಅಕ್ಕಿಯ ಅಂಗಡಿಯವನನ್ನು ಬೈದ ಹಾಗಾಯಿತು.

ಎಕ್ಸ್264 ತಾನಾಗಿ ಇಂಥ ಮಿತಿ ಹಾಕಿಕೊಳ್ಳುವುದಿಲ್ಲ. ಅದರ ಪಾಡಿಗೆ ಬಿಟ್ಟರೆ, ಯಂತ್ರದಲ್ಲಿ ಎಷ್ಟು ತಾರ್ಕಿಕ ಕೋರ್‌ಗಳಿವೆಯೋ (ನಮ್ಮದರಲ್ಲಿ 32) ಅದರ ಒಂದೂವರೆ ಪಟ್ಟು ಥ್ರೆಡ್‌ಗಳನ್ನು ಲೆಕ್ಕ ಹಾಕುತ್ತದೆ, ಚಿತ್ರದ ಎತ್ತರ ನೋಡಿ ಅದಕ್ಕೊಂದು ಗಡಿ ಇಟ್ಟುಕೊಳ್ಳುತ್ತದೆ. ಗಡಿ ಬೇಕೆಂಬುದೂ ನನಗೆ ಗೊತ್ತು. ಪ್ರತಿಯೊಂದು ಥ್ರೆಡ್ ಒಂದೊಂದು ಫ್ರೇಮನ್ನು ಹಿಡಿದು ಏಕಕಾಲಕ್ಕೆ ಕೆಲಸ ಮಾಡುತ್ತದೆ. ಆದರೆ ಹಿಂದಿನ ಫ್ರೇಮಿನ ಎಷ್ಟು ಸಾಲುಗಳು ಮುಗಿದಿವೆಯೋ ಅಷ್ಟನ್ನು ಮಾತ್ರ ಮುಂದಿನದು ನೋಡಿಕೊಳ್ಳಬಹುದು. 1080ಪಿ ಚಿತ್ರದಲ್ಲಿ 16 ಪಿಕ್ಸೆಲ್ ಎತ್ತರದ ಸಾಲುಗಳಿರುವುದು 68. ಥ್ರೆಡ್‌ಗಳನ್ನು ಬೇಕಾಬಿಟ್ಟಿ ಏರಿಸಿದರೆ ಅವು ಒಂದನ್ನೊಂದು ಕಾಯುತ್ತವೆ, ಗುಣಮಟ್ಟವೂ ಸ್ವಲ್ಪ ಇಳಿಯುತ್ತದೆ. ಆಟಕ್ಕೂ ಕೋರ್‌ಗಳನ್ನು ಉಳಿಸಬೇಕು. ನಾನು 32 ಕೊಡಿ ಎಂದು ಹಟ ಹಿಡಿಯುತ್ತಿಲ್ಲ. 4ಕ್ಕೂ 32ಕ್ಕೂ ನಡುವೆ ಬೇಕಾದಷ್ಟು ಜಾಗವಿದೆ, ಆ ಆಯ್ಕೆ ಯಂತ್ರದ ಒಡೆಯರಿಗೆ ಇರಲಿ ಎನ್ನುತ್ತಿದ್ದೇನೆ.

ಇದು ಊಹೆಯಲ್ಲ. ಅದೇ ಕಂಪ್ಯೂಟರಿನಲ್ಲಿ, ಅದೇ ಆಟ, ಅದೇ ಕಾಡಿನ ದಾರಿ, ಅದೇ 6000 ಕಿಲೋಬಿಟ್, ಅದೇ ‘ಫಾಸ್ಟ್’ ಪ್ರೀಸೆಟ್ (ವೇಗ ಮತ್ತು ಗುಣಮಟ್ಟದ ಸಿದ್ಧ ಹೊಂದಾಣಿಕೆ) ಇಟ್ಟು ಓಬಿಎಸ್‌ನಿಂದ ದಾಖಲಿಸಿದೆ. ಎನ್‌ಕೋಡಿಂಗ್ ವಿಳಂಬದಿಂದ ಬಿಟ್ಟುಹೋದ ಫ್ರೇಮ್‌ಗಳ ಸಾಲಿನಲ್ಲಿ ಸೊನ್ನೆ ಇತ್ತು. ಬಳಿಕ ಅಲ್ಲಿಯೇ ಥ್ರೆಡ್‌ಗಳನ್ನು 4ಕ್ಕೆ ಇಳಿಸಿದೆ. ನಿಮ್ಮ ತಂತ್ರಾಂಶದಲ್ಲಿ ಕಾಣುವ ತಡವರಿಕೆ ಚಾಚೂ ತಪ್ಪದೆ ಅಲ್ಲಿಯೂ ಬಂತು. ಇದಕ್ಕಿಂತ ನೇರವಾದ ಪುರಾವೆ ನನಗೆ ತೋಚುವುದಿಲ್ಲ.

ಗುಣಮಟ್ಟ ಇಳಿಸಿ, ‘ಅಲ್ಟ್ರಾಫಾಸ್ಟ್’ ಇಡಿ ಎಂದಿರಿ. ‘ಫಾಸ್ಟ್’ನಲ್ಲಿ ಎಕ್ಸ್264 ಮುಂದೆ ಬರುವ 30 ಫ್ರೇಮ್‌ಗಳನ್ನು ನೋಡಿಕೊಂಡು ಬಿಟ್‌ಗಳನ್ನು ಹಂಚುತ್ತದೆ, ‘ವೆರಿಫಾಸ್ಟ್’ನಲ್ಲಿ 10, ‘ಅಲ್ಟ್ರಾಫಾಸ್ಟ್’ನಲ್ಲಿ ಮುಂದೆ ನೋಡುವುದೇ ಇಲ್ಲ. ಹಿಂದುಮುಂದಿನ ಫ್ರೇಮ್‌ಗಳನ್ನು ಆಧರಿಸಿ ಬಿಟ್ ಉಳಿಸುವ ಬಿ-ಫ್ರೇಮ್‌ಗಳೂ ಇಲ್ಲ, ಚೌಕಗಳ ಅಂಚನ್ನು ನಯಗೊಳಿಸುವ ಕೆಲಸವೂ ಇಲ್ಲ. 6000 ಕಿಲೋಬಿಟ್‌ನಲ್ಲಿ ಅದು ಕಾಡನ್ನು ಹಸಿರು ಚೌಕಗಳ ರಾಶಿ ಮಾಡಿಬಿಡುತ್ತದೆ. ಹಾಗೆ ನೋಡಲು ಯಾರೂ ನಮ್ಮ ಚಾನೆಲ್ಲಿಗೆ ಬರುವುದಿಲ್ಲ.

ಮೇಲ್ದರ್ಜೆಯ ಚಂದಾ ತೆಗೆದುಕೊಂಡರೆ ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ತೆರೆದುಕೊಳ್ಳುತ್ತದೆ ಎಂಬ ಸಲಹೆಗಂತೂ ಬೆರಗಾದೆ. ಕಾರ್ಡಿನೊಳಗಿನ ಆ ಎನ್‌ಕೋಡರ್, ಅಂದರೆ ಎನ್‌ವೆಂಕ್, ನಾವು ಕಾರ್ಡ್ ಕೊಂಡಾಗಲೇ ಹಣ ಕೊಟ್ಟು ತಂದದ್ದು. ನಮ್ಮ ವಸ್ತುವಿಗೆ ನೀವು ಬೀಗ ಹಾಕಿ ಕೀಲಿ ಮಾರುತ್ತಿದ್ದೀರಿ. ಅಲ್ಲದೆ ನಮ್ಮದು ಎನ್‌ವಿಡಿಯಾದ ಹಳೆಯ ಜಿಟಿಎಕ್ಸ್ 1060 ಕಾರ್ಡ್. ಅದರ ಎನ್‌ವೆಂಕ್ 2018ರ ಟ್ಯೂರಿಂಗ್ ಪೀಳಿಗೆಯಲ್ಲಿ ಸುಧಾರಿಸುವುದಕ್ಕಿಂತ ಹಿಂದಿನದು. ಇಷ್ಟೇ ಬಿಟ್‌ರೇಟಿನಲ್ಲಿ ‘ಫಾಸ್ಟ್’ ಎಕ್ಸ್264ನಷ್ಟು ಚೊಕ್ಕಟ ಚಿತ್ರ ಅದರಿಂದ ಬರುವುದಿಲ್ಲ. ಹೊಸ ಕಾರ್ಡ್ ಇದ್ದವರಿಗೆ ಅದೇ ಒಳ್ಳೆಯ ದಾರಿ ಎಂಬುದನ್ನು ಒಪ್ಪುತ್ತೇನೆ. ಆದರೆ ನೀವು ಹಣ ಪಡೆದದ್ದು ಕೋರ್‌ಗಳ ಹೆಸರಿನಲ್ಲಿ.

ಮಂಡ್ಯದಲ್ಲಿ ತಮ್ಮನ ಗೆಳೆಯನೊಬ್ಬ ನಿಮ್ಮದೇ ತಂತ್ರಾಂಶ ಬಳಸುತ್ತಾನೆ. ಅವನದು ಇಂಟೆಲ್ 12ನೇ ಪೀಳಿಗೆಯ ಐ7-12700, 8 ದೊಡ್ಡ (ವೇಗದ) ಕೋರ್, 4 ಸಣ್ಣ (ನಿಧಾನದ) ಕೋರ್. ಆಟ ಪರದೆ ತುಂಬಿ ನಿಮ್ಮ ತಂತ್ರಾಂಶ ಹಿಂದೆ ಸರಿದ ಕೂಡಲೇ ವಿಂಡೋಸ್ ಅದನ್ನು ಹಿನ್ನೆಲೆಯ ಕೆಲಸವೆಂದು ಎಣಿಸಿ ಸಣ್ಣ ಕೋರ್‌ಗಳಿಗೆ ತಳ್ಳುತ್ತದೆ. ಅವನ ಪಾಡು ನಮಗಿಂತ ಕಡೆ. ಈ ಪ್ರಕ್ರಿಯೆಯ ವೇಗ ತಗ್ಗಿಸಬೇಡ ಎಂದು ವಿಂಡೋಸ್‌ಗೆ ತಿಳಿಸುವ ವ್ಯವಸ್ಥೆ ತಂತ್ರಾಂಶ ಬರೆಯುವವರಿಗೆ ಇದೆ. ನಿಮ್ಮವರು ಅದನ್ನು ಬಳಸಿದಂತೆ ಕಾಣುವುದಿಲ್ಲ.

ನನ್ನ ಬೇಡಿಕೆ ಇಷ್ಟು. ಥ್ರೆಡ್‌ಗಳ ಸಂಖ್ಯೆಯನ್ನು ಎಕ್ಸ್264ಗೇ ಬಿಡುವ, ಬೇಕಾದರೆ ಬಳಕೆದಾರರೇ ನಿಗದಿ ಮಾಡುವ ಸೆಟ್ಟಿಂಗ್ ಕೊಡಿ. ಕಳೆದುಹೋದ ಫ್ರೇಮ್‌ಗಳನ್ನು ಕಾರಣವಾರು ಬೇರೆ ಮಾಡಿ ತೋರಿಸಿ. ಹಿನ್ನೆಲೆಗೆ ಸರಿದಾಗಲೂ ಎನ್‌ಕೋಡರ್ ದೊಡ್ಡ ಕೋರ್‌ಗಳಲ್ಲಿ ಉಳಿಯುವಂತೆ ಮಾಡಿ. ಇವನ್ನು ಯಾವ ಆವೃತ್ತಿಯಲ್ಲಿ, ಯಾವ ದಿನಾಂಕದೊಳಗೆ ಕೊಡುತ್ತೀರೆಂದು ಲಿಖಿತವಾಗಿ ತಿಳಿಸಿ. ಮೊದಲನೆಯದಂತೂ ಒಂದು ಸಾಲಿನ ಬದಲಾವಣೆ. ಅದಕ್ಕೆ ಮುಂದಿನ ದೊಡ್ಡ ಆವೃತ್ತಿಯವರೆಗೆ ಕಾಯಿಸುವ ಅಗತ್ಯ ನನಗೆ ಕಾಣುವುದಿಲ್ಲ. ಆಗದು ಎಂದಾದರೆ ವರ್ಷದ ಚಂದಾವನ್ನು ಪೂರ್ತಿಯಾಗಿ ಹಿಂತಿರುಗಿಸಿ, ಎಲ್ಲ ಕೋರ್‌ಗಳ ಜಾಹೀರಾತನ್ನು ತೆಗೆದುಹಾಕಿ.

ಈ ಪತ್ರ ತಲುಪಿದ 30 ದಿನಗಳೊಳಗೆ ಉತ್ತರ ಬರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಗ್ರಾಹಕರು ತಾವು ವಾಸವಿರುವ ಊರಿನಲ್ಲಿಯೇ ದೂರು ಕೊಡಲು ಈ ಕಾಯ್ದೆ ಅವಕಾಶ ಕೊಟ್ಟಿರುವುದರಿಂದ ನಾನು ಬೆಂಗಳೂರಿಗೆ ಬರಬೇಕಾಗಿಲ್ಲ, ನಿಮ್ಮವರು ಇಲ್ಲಿಗೆ ಬರಬೇಕಾಗುತ್ತದೆ.

ಚಂದಾ ರಸೀದಿ, ಜಾಹೀರಾತಿನ ಚಿತ್ರ, ಲಾಗ್ ಕಡತ, ಕೇಬಲ್ ಕಿತ್ತು ದಾಖಲಿಸಿದ ವಿಡಿಯೋ ಮತ್ತು ಓಬಿಎಸ್‌ನಲ್ಲಿ ಎರಡು ರೀತಿ ದಾಖಲಿಸಿದ ವಿಡಿಯೋಗಳನ್ನು ಲಗತ್ತಿಸಿದ್ದೇನೆ. ನಿಮ್ಮ ಎಂಜಿನಿಯರಿಗೆ ಇನ್ನೂ ಏನಾದರೂ ಬೇಕಿದ್ದರೆ ಸಂಜೆ ಆರರ ಒಳಗೆ ಕರೆ ಮಾಡಲಿ. ಆಮೇಲೆ ಪ್ರಸಾರವಿರುತ್ತದೆ, ಸದ್ಯಕ್ಕೆ ಓಬಿಎಸ್‌ನಿಂದ.

ಇಂತಿ,
ನಿಮ್ಮ ಚಂದಾದಾರಳು,
ಕುವೆಂಪುನಗರ, ಮೈಸೂರು