ಆಪರೇಷನ್ ತಪ್ಪಬಹುದು, ಸ್ಕೋಪಿ ತಪ್ಪಬಾರದು

ಮಾನ್ಯ ಸಂಪಾದಕರೇ,

ಗುದನಾಳದ ಕ್ಯಾನ್ಸರಿಗೆ ಈಗ ಆಪರೇಷನ್ನೇ ಬೇಡವಂತೆ ಎಂಬ ಮಾತು ಮಂಗಳೂರು, ಉಡುಪಿ ಕಡೆ ಕೇಳಿಬರುತ್ತಿದೆ. ಅರ್ಧ ನಿಜ. ಮಲ ಹೋಗಲು ಹೊಟ್ಟೆಗೆ ಚೀಲ ಕಟ್ಟುತ್ತಾರೆಂದು ಹೆದರಿ ಆಸ್ಪತ್ರೆಗೇ ಬಾರದವರು ಇದನ್ನು ಕೇಳಿಯಾದರೂ ಬರಲಿ. ಆದರೆ ಉಳಿದರ್ಧವೂ ತಿಳಿದಿರಬೇಕು.

ಮೊದಲು ರೇಡಿಯೇಷನ್: ಐದಾರು ವಾರಗಳಲ್ಲಿ 25ರಿಂದ 28 ಸಲ, ಒಟ್ಟು ಸುಮಾರು 50 ಗ್ರೇ (ವಿಕಿರಣದ ಅಳತೆ), ಜೊತೆಗೆ ಕೆಪೆಸಿಟಬಿನ್ ಎಂಬ ಕೀಮೋ ಮಾತ್ರೆ, ಇಲ್ಲವೇ ಐದೇ ಸಲದಲ್ಲಿ 25 ಗ್ರೇ. ಅದರ ಹಿಂದೆಯೋ ಮುಂದೆಯೋ ಮೂರು–ನಾಲ್ಕು ತಿಂಗಳ ಕೀಮೋ. ಇಷ್ಟಾಗಿ ಗಡ್ಡೆ ಪೂರ್ತಿ ಕರಗಿದವರಿಗೆ ಮಾತ್ರ ಆಪರೇಷನ್ ಮಾಡದೆ ಪರೀಕ್ಷಿಸುತ್ತ ‘ಕಾದು ನೋಡುವ’ ದಾರಿ. ಬ್ರೆಜಿಲಿನ ಶಸ್ತ್ರವೈದ್ಯೆ ಆಂಜೆಲಿಟಾ ಹಬ್ರ್-ಗಾಮಾ 2004ರಲ್ಲಿ ಪ್ರಕಟಿಸಿದ ಫಲಿತಾಂಶದಿಂದ ಇದು ಚರ್ಚೆಗೆ ಬಂತು.

ಕರಗಿದೆ ಎನ್ನಲು ಮೂರೂ ಸಾಕ್ಷಿ ಕೂಡಿಬರಬೇಕು. ವೈದ್ಯರು ಗುದದೊಳಗೆ ಬೆರಳಾಡಿಸಿದಾಗ ಗಂಟು ಸಿಗಬಾರದು. ಸ್ಕೋಪಿನಲ್ಲಿ, ಅಂದರೆ ಗುದದೊಳಗೆ ಬಿಡುವ ಕ್ಯಾಮೆರಾ ಕೊಳವೆಯಲ್ಲಿ, ಚಪ್ಪಟೆಯಾದ ಬಿಳಿಚಿದ ಕಲೆ, ಅದರ ಮೇಲೆ ಕೆಂಪು ನೂಲಿನೆಳೆಯಂಥ ರಕ್ತನಾಳ, ಅಷ್ಟೇ ಕಾಣಬೇಕು. ಎಂಆರ್‌ಐಯಲ್ಲಿ ಕಪ್ಪು ಕಲೆಯಷ್ಟೇ ಉಳಿದಿರಬೇಕು. ಬಯಾಪ್ಸಿ ನೆಗೆಟಿವ್ ಬಂತೆಂದು ನಿರಾಳವಾಗಬೇಡಿ: ಚಿಮಟ ಕೀಳುವುದು ಮೇಲ್ಪದರದ ಚೂರು, ಉಳಿದ ಕ್ಯಾನ್ಸರ್ ಕೋಶ ಕರುಳಗೋಡೆಯ ಆಳದಲ್ಲಿರಬಹುದು. ರೇಡಿಯೇಷನ್ ಮುಗಿದ ಎರಡೇ ವಾರಕ್ಕೆ ಎಂಆರ್‌ಐ ಮಾಡಿಸುವುದೂ ದಂಡ, ಊತ ಇಳಿದಿರುವುದಿಲ್ಲ.

ಹೀಗೆ ಕರಗಿದವರಲ್ಲೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅಲ್ಲೇ ಮತ್ತೆ ಬೆಳೆಯುತ್ತದೆ, ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ. ಬೇಗ ಸಿಕ್ಕಿದರೆ ಸಾಮಾನ್ಯವಾಗಿ ಆಪರೇಷನ್ನಿನಲ್ಲಿ ತೆಗೆಯಬಹುದು. ಅದಕ್ಕೇ ಆ ಎರಡು ವರ್ಷ ಮೂರು–ನಾಲ್ಕು ತಿಂಗಳಿಗೊಮ್ಮೆ ಬೆರಳಿನ ಪರೀಕ್ಷೆ, ಸ್ಕೋಪಿ, ಸಿಇಎ (ಈ ಕ್ಯಾನ್ಸರಿನಲ್ಲಿ ಏರಬಹುದಾದ ಒಂದು ಪ್ರೋಟೀನ್) ರಕ್ತಪರೀಕ್ಷೆ. ಆರು ತಿಂಗಳಿಗೊಮ್ಮೆ ಎಂಆರ್‌ಐ. ಶ್ವಾಸಕೋಶ, ಲಿವರ್ ನೋಡಲು ಆಗಾಗ ಸಿಟಿ ಸ್ಕ್ಯಾನ್. ಆಮೇಲೆ ಅಂತರ ಹೆಚ್ಚಿಸಿ ಐದು ವರ್ಷದವರೆಗೆ. ಊರಿನ ಲ್ಯಾಬಿನಲ್ಲಿ ಸಿಇಎ ಒಂದನ್ನೇ ಮಾಡಿಸಿ ‘ನಾರ್ಮಲ್ ಉಂಟು’ ಎಂದು ಕೂತರೆ ಸಾಲದು. ಸಣ್ಣ ಗಡ್ಡೆ ಅದರಲ್ಲಿ ಕಾಣದೇ ಹೋಗಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಅದು ಏರಿರಬಹುದು. ನಡುವೆ ರಕ್ತ ಕಂಡರೆ ಮೂಲವ್ಯಾಧಿಯೆಂದು ಮುಲಾಮು ಹಚ್ಚಿಕೊಳ್ಳಬೇಡಿ. ರೇಡಿಯೇಷನ್ನಿನಿಂದಾದ ರಕ್ತನಾಳವೂ ಒಸರಬಹುದು, ಹೊಸ ಗಡ್ಡೆಯೂ ಒಸರಬಹುದು, ನೋಡದೆ ಹೇಳಲಾಗದು.

ಇನ್ನೊಂದು: ಮೊದಲ ಬಯಾಪ್ಸಿಯ ಚೂರಿನಲ್ಲೇ ಎಂಎಂಆರ್ (ಕೋಶದ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ) ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳಿ. ಅದರಲ್ಲಿ ದೋಷವಿರುವ ಕೆಲವೇ ಮಂದಿಗೆ ಡೋಸ್ಟಾರ್ಲಿಮ್ಯಾಬ್‌ನಂಥ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಔಷಧ) ಒಂದರಿಂದಲೇ ಗಡ್ಡೆ ಕರಗುವುದು 2022ರಿಂದ ಗೊತ್ತಾಗಿದೆ. ಔಷಧ ಬಲು ದುಬಾರಿ, ನಿಜ.

ಬೈಂದೂರಿನಿಂದಲೋ ಸುಳ್ಯದಿಂದಲೋ ಮಳೆಗಾಲದಲ್ಲೂ ತಾರೀಕು ತಪ್ಪದೆ ಬರಲು ಆಗದು ಎನ್ನುವವರಿಗೆ ನಮ್ಮ ಸಲಹೆ ಆಪರೇಷನ್ನೇ.

– ಇಬ್ಬರು ಕ್ಯಾನ್ಸರ್ ವೈದ್ಯರು, ಮಂಗಳೂರು