ಹಳದಿ ಕಂಕುಳ ಅಂಗಿಗಳನ್ನು ಎಸೆಯಬೇಡ

ಮಂಡ್ಯ

ಚಿರಂಜೀವಿ ಪುಟ್ಟನಿಗೆ ಅತ್ತೆ ಮಾಡುವ ಆಶೀರ್ವಾದಗಳು.

ಬಿಳಿ ಅಂಗಿಗಳೆಲ್ಲ ಕಂಕುಳಲ್ಲಿ ಹಳದಿಯಾಗಿವೆ, ನೆಲ ಒರೆಸೋಕೆ ಹಾಕ್ತೀನಿ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಸ್ವಲ್ಪ ತಡಿ. ಮೈಸೂರಿನಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಆಗಲೇ ಅಂಗಿ ಎಸೆಯುವಷ್ಟು ಸಂಬಳ ಬರುತ್ತಿದೆಯಾ?

ಅಷ್ಟು ಹಳದಿಗೆ ಬೆವರೊಂದೇ ಕಾರಣವಲ್ಲ. ನೀನು ಬೆಳಗ್ಗೆ ಹಚ್ಚಿಕೊಳ್ಳುವ ಬೆವರು ತಡೆಯುವ ರೋಲ್ ಆನ್‌ನಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಅದು ಬೆವರಿನ ಜೊತೆ ಸೇರಿ ನೂಲಿನೊಳಗೆ ಕೂತುಬಿಡುತ್ತದೆ. ಕಂಕುಳ ಹೊಲಿಗೆಯನ್ನು ಬೆರಳಲ್ಲಿ ಹಿಸುಕಿ ನೋಡು, ಗಂಜಿ ಹಾಕಿದ ಹಾಗೆ ಬಿರುಸಾಗಿರುತ್ತದೆ. ಕಾಲರಿನದು ಬರೀ ಮೈ ಜಿಡ್ಡು. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಒಗೆದರೆ ಸಾಕು.

ಬಿಳಿ ಬಟ್ಟೆ ಅಲ್ವಾ ಅಂತ ಬ್ಲೀಚ್ ಸುರಿಯಬೇಡ. ಎಲ್ಲರ ಕೈ ಮೊದಲು ಹೋಗುವುದು ಅದಕ್ಕೇ. ಕ್ಲೋರಿನ್ ಬ್ಲೀಚ್ ತಾಗಿದರೆ ಈ ಹಳದಿ ಇನ್ನೂ ಜಾಸ್ತಿಯಾಗುತ್ತದೆ. ಗೀಸರಿನ ಸುಡುನೀರೂ ಬೇಡ, ಬಿಸಿಗೆ ಕಲೆ ಕಚ್ಚಿಕೊಳ್ಳುತ್ತದೆ. ಕಲೆ ಹೋಗದೆ ಇಸ್ತ್ರಿ ಗಾಡಿಗೂ ಕೊಡಬೇಡ.

ಮೆಡಿಕಲ್ ಶಾಪಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕೇಳು. ಬಾಟಲಿ ಮೇಲೆ 6% ಅಂತಿದ್ದರೆ ಅಷ್ಟೇ ನೀರು ಬೆರೆಸು, 3% ಆಗುತ್ತದೆ. ಅದು ಎರಡು ಚಮಚ, ಪಾತ್ರೆ ಲಿಕ್ವಿಡ್ ಒಂದು ಚಮಚ, ಅಡುಗೆ ಸೋಡಾ ಒಂದು ಚಮಚ ಕಲಸು. ಅಂಗಿಯನ್ನು ತಣ್ಣೀರಲ್ಲಿ ನೆನೆಸಿ, ಒಳಮೈ ಹೊರಗೆ ಮಾಡಿ, ಕಲೆಗೆ ಬಳಿ. ರೋಲ್ ಆನ್ ಮೊದಲು ತಾಗುವುದು ಒಳಮೈಗೇ ಅಲ್ವಾ? ಹಳೇ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ ಅರ್ಧ ಗಂಟೆ ಬಿಡು. ಆಮೇಲೆ ಚೆನ್ನಾಗಿ ಜಾಲಿಸಿ, ಎಂದಿನಂತೆ ಒಗೆದು ಬಿಸಿಲಿಗೆ ಹಾಕು. ಹಳೇ ಕಲೆ ಒಂದೇ ಸಲಕ್ಕೆ ಹೋಗದಿರಬಹುದು, ಇನ್ನೊಂದು ಸಲ ಮಾಡು. ಕಲಸಿದ್ದು ಉಳಿದರೆ ಚೆಲ್ಲಿಬಿಡು. ಬಾಟಲಿಗೆ ತುಂಬಿ ಮುಚ್ಚಳ ಬಿಗಿದರೆ ಗ್ಯಾಸ್ ಕಟ್ಟಿ ಸಿಡಿಯಬಹುದು.

ಬಣ್ಣದ ಅಂಗಿಗೆ ಪೆರಾಕ್ಸೈಡ್ ಬೇಡ, ಬಣ್ಣ ಹೋದೀತು. ಬಿಳಿ ವಿನಿಗರ್‌ಗೆ ನೀರು ಬೆರೆಸಿ ಕಂಕುಳ ಭಾಗವನ್ನು ಅರ್ಧ ಗಂಟೆ ನೆನೆಹಾಕು. ಆದರೆ ವಿನಿಗರ್ ಮತ್ತು ಬ್ಲೀಚ್ ಯಾವತ್ತೂ ಒಂದೇ ಬಕೆಟ್ಟಿಗೆ ಬೀಳಕೂಡದು. ಏಳುವುದು ವಿಷದ ಗಾಳಿ. ನಿನ್ನ ರೂಮಿನ ಬಚ್ಚಲಿಗೆ ಕಿಟಕಿಯೂ ಇಲ್ಲ.

ಇನ್ನು ಮುಂದೆ ರೋಲ್ ಆನ್ ರಾತ್ರಿಯೇ ಹಚ್ಚಿಕೋ. ಕೆಲಸ ಮಾಡುವುದೂ ಆಗಲೇ ಚೆನ್ನಾಗಿ. ಬೆಳಗ್ಗೆಯೇ ಬೇಕು ಅಂದರೆ ಪೂರ್ತಿ ಒಣಗಿದ ಮೇಲೆ ಅಂಗಿ ತೊಡು. ಸಂಜೆ ಬಂದು ಅಂಗಿಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕುವ ಬದಲು ಕಂಕುಳಷ್ಟನ್ನಾದರೂ ನೀರಲ್ಲಿ ಹಿಂಡು.

ಅಮ್ಮ ತನ್ನ ಮೈಸೂರು ಸಿಲ್ಕ್ ಸೀರೆ, ರವಿಕೆ ಡ್ರೈಕ್ಲೀನ್ ಮಾಡಿಸು ಅಂತ ನಿನ್ನ ಕೈಯಲ್ಲಿ ಕಳಿಸಿದ್ದಾಳಂತೆ. ದಯವಿಟ್ಟು ಅದರ ಮೇಲೆ ಈ ಪ್ರಯೋಗ ಬೇಡ. ಸೋಡಾ ರೇಷ್ಮೆ ನೂಲನ್ನೇ ಹಾಳು ಮಾಡುತ್ತದೆ. ಮಾನಂದವಾಡಿ ರಸ್ತೆಯ ಕಾರ್ಖಾನೆಯದು, 1912ರಿಂದ ನೇಯುತ್ತಿರುವವರ ಮಾಲು, ಜರಿಯೂ ಅಸಲಿ. ಅಂಗಡಿಯಲ್ಲಿ ಸುಮ್ನೆ ಕೊಟ್ಟು ಬರಬೇಡ. ರವಿಕೆಯ ಕಂಕುಳು ತೋರಿಸಿ, ಇದು ಬೆವರಿನ ಕಲೆ ಅಂತ ಬಾಯಿಬಿಟ್ಟು ಹೇಳು. ಡ್ರೈಕ್ಲೀನ್ ದ್ರಾವಣ ಜಿಡ್ಡು ತೆಗೆಯುತ್ತದೆ, ಬೆವರಿನ ಉಪ್ಪು ಅದಕ್ಕೆ ಬಗ್ಗುವುದಿಲ್ಲ. ಹೇಳಿದರೆ ಅಷ್ಟು ಜಾಗವನ್ನು ಅವರು ಬೇರೆಯಾಗಿ ನೋಡಿಕೊಳ್ಳುತ್ತಾರೆ. ರಸೀದಿ ಕಳೆಯಬೇಡ.

ಇತಿ,
ನಿನ್ನ ಅತ್ತೆ